ಡಜನ್

ನಮ್ಮಣ್ಣ ಗಾದಿಲಿಂಗನಿಗೆ ಎಣಿಕೆ ಬರುತ್ತಿದ್ದುದು
ಹನ್ನೆರಡರ ತನಕ.
ಕೌಲ್ ಬಜಾರಿನ ಜೀನ್ಸ್ ಧಂದೆಗೆ ಅಷ್ಟು ಸಾಕು.
ದಸ್ತಗಿರಿ ಸಾಹೇಬರ ಕಾರ್ಖಾನೆಯ ಮೂಲೆಯಲ್ಲಿ
ಗೋಣಿತಟ್ಟಿನ ಮೇಲೆ ಕಾಲು ಚಾಚಿ
ಹೊಲಿಗೆ ಬಿಟ್ಟುಹೋದ ದಾರದ ತುದಿ ಕತ್ತರಿಸುತ್ತ
ಇಪ್ಪತ್ತಾರು ವರ್ಷ.
ಹನ್ನೆರಡಾದರೆ ಒಂದು ಕಟ್ಟು, ಒಂದು ವಾರೆ ಗಂಟು,
ಕಟ್ಟಿನ ಬೆನ್ನ ಮೇಲೆ ಅಂಗೈಯಿಂದ ಒಂದು ಏಟು.
ಸಂಜೆ ಮನೆಗೆ ಬಂದರೆ ಉಗುರೆಲ್ಲ ನೀಲಿ.

ಹುಟ್ಟಿದಾಗ ದೊಡ್ಡಾಸ್ಪತ್ರೆಯವರು ಹೇಳಿದ್ದರಂತೆ,
ಹತ್ತು ದಾಟಿದರೆ ಹೆಚ್ಚು.
ಅವ್ವ ಆಮೇಲಿನ ಒಂದೊಂದು ವರ್ಷವನ್ನೂ
ಕೊಸರು ಎಂದು ಇಸಕೊಂಡಳು,
ತರಕಾರಿಯವಳ ಹತ್ತಿರ ಕರಿಬೇವು ಕೇಳಿದ ಹಾಗೆ,
ನಾಚಿಕೆಯಿಲ್ಲದೆ.
ಕೊಸರಿಗೂ ಮುಪ್ಪು ಬರುತ್ತದೆಂದು
ಯಾರೂ ಹೇಳಿರಲಿಲ್ಲ.

ಮೊದಲು ಹನ್ನೊಂದರ ಕಟ್ಟು ಬಂತು. ಆಮೇಲೆ ಹದಿನಾಲ್ಕರದು.
ಸಾಹೇಬರು ರಾತ್ರಿ ಎಲ್ಲರೂ ಹೋದ ಮೇಲೆ
ಬಿಚ್ಚಿ, ತಾವೇ ಎಣಿಸಿ,
ಅವನ ಹಾಗೇ ವಾರೆ ಗಂಟು ಹಾಕಿ ಇಡುತ್ತಿದ್ದರು,
ಎಂಟು ತಿಂಗಳು.
ನಾವು ಹಟ ಅಂದುಕೊಂಡೆವು. ಕಿವಿ ಮಂದ ಅಂದುಕೊಂಡೆವು.
ಥೈರಾಯ್ಡು ಎಂದು ರಕ್ತ ಕೊಟ್ಟು ಬಂದೆವು.
ಒಂದು ದಿನ ಮೊದಲನೇ ಗೇಟಿನಲ್ಲಿ
ಅದಿರಿನ ಗೂಡ್ಸು ಹೋಯಿತು, ಗೇಟು ಎದ್ದಿತು,
ಆಟೋ ಹೋದವು, ಕುರಿ ಹೋದವು,
ಅವನು ನಿಂತೇ ಇದ್ದ,
ಕೈಯಲ್ಲಿ ಮಿರ್ಚಿ ಪೊಟ್ಟಣ ತಣ್ಣಗಾಗಿ.

ಡಾಕ್ಟರಮ್ಮ ಸಣ್ಣ ವಯಸ್ಸಿನವಳು.
"ಇವರಂಥವರಿಗೆ ಮರೆವು ಬೇಗ, ಐವತ್ತಕ್ಕೇ" ಎಂದಳು.
ಆಮೇಲೆ ಪೆನ್ನಿನ ಟೋಪಿ ತೆಗೆದು ಕೇಳಿದಳು:
"ಮೊದಲು ಏನೇನು ಬರ್ತಿತ್ತು?"

ಐವತ್ತೊಂದು ವರ್ಷ ಎಲ್ಲರೂ ಕೇಳಿದ್ದು
ಏನು ಬರೋದಿಲ್ಲ ಅಂತ.
ಅವ್ವ ಸೆರಗು ಸರಿಮಾಡಿಕೊಂಡು ಕೂತಳು.
ಅಂಗಿ ಗುಂಡಿ ಹಾಕೋದು, ಏಳು ವರ್ಷ ಕಲಿಸೀನಿ.
ಒಲೆ ಆರಿಸೋದು.
ಮೊಹರಮ್ಮಿಗೆ ಯಾರ ಮನೆ ಚೋಂಗೆ ಚಲೋ ಅನ್ನೋದು.
ನಾನು ಅತ್ತರೆ ಗೋಡೆ ಆಚೆಯಿಂದ ಗೊತ್ತಾಗೋದು.
ಸುಳ್ಳು, ಒಂದೇ ಒಂದು ಸಲ, ಕತ್ತರಿ ಕಳೆದಾಗ.
ಡಾಕ್ಟರಮ್ಮ ಹಾಳೆ ತಿರುವಿ ಹಿಂದೆಯೂ ಬರೆದಳು.
ಹೊರಗೆ ಸರದಿಯವರು ಗೊಣಗುತ್ತಿದ್ದರು.
ಅವ್ವ ಇನ್ನೂ ಮುಗಿಸಿರಲಿಲ್ಲ.

ಈಗ ಕೊನೆಗೆ ಕಲಿತದ್ದು ಮೊದಲು ಹೋಗುತ್ತಿದೆ.
ಎಪ್ಪತ್ತೇಳರ ಅವ್ವ, ಒಂದೂ ಮರೆಯದವಳು,
ಅವನ ಗುಂಡಿ ಹಾಕುತ್ತಾಳೆ.
ಆರನೇ ವಯಸ್ಸಿಗೆ ಅವನನ್ನು ದಾಟಿ
ಅಣ್ಣನಿಗೆ ಅಕ್ಕನಾದವಳು ನಾನು;
ಈಗ ನನ್ನನ್ನು ಅವ್ವಾ ಎನ್ನುತ್ತಾನೆ.
ಅವ್ವನನ್ನು ಏನೂ ಅನ್ನುವುದಿಲ್ಲ.

ಮಧ್ಯಾಹ್ನ ಕರೆಂಟು ಹೋಗಿ
ಗುಡ್ಡದ ಬಂಡೆ ಓಣಿಗೆಲ್ಲ ಬಿಸಿ ಉಸಿರು ಬಿಡುವಾಗ
ಅವನ ಬೆರಳು ಅವ್ವನ ಸೆರಗಿನ ಅಂಚಿನಲ್ಲಿ ನಡೆಯುತ್ತವೆ,
ಒಂದು ಮೊಳ, ಇನ್ನೊಂದು ಮೊಳ,
ಬಿಟ್ಟುಹೋದ ದಾರ ಸಿಗುವ ತನಕ.
(ರಾತ್ರಿ ನಾನೇ ಬಿಚ್ಚಿಟ್ಟದ್ದು.)
ಸಿಕ್ಕರೆ ಹಿಡಿದು ಕೂತಿರುತ್ತಾನೆ.
ಕತ್ತರಿ ಕೇಳುವುದಿಲ್ಲ.