ಮೂರನೇ ಅಂಗಿ

ಪೆಟ್ಟಿಗೆಗಳು ಮೊದಲು ಬಂದವು, ವಿಮಾನದಿಂದ ನೇರ
ಏಸಿ ಲಾರಿಯಲ್ಲಿ, ಆಸ್ಪತ್ರೆಗೆ ತಂದವರ ಹಾಗೆ ಮಲಗಿಕೊಂಡು.
'ಮೂರು ತಾಸು ಯಾರೂ ತೆರೆಯಬೇಡಿ,' ಅಂದ ಸುಹೈಲ್,
'ಮಸ್ಕತ್ತಿನ ಗಾಳಿ ಮರಕ್ಕೆ ಒಗ್ಗಬೇಕು.'
ನನಗೆ ಹನ್ನೊಂದು ವರ್ಷ ಸಿಕ್ಕಿದೆ ಒಗ್ಗಲಿಕ್ಕೆ.
ಅಕ್ಟೋಬರಿನಲ್ಲೂ ಕುತ್ತಿಗೆ ಬೆವರುತ್ತದೆ.

ನನ್ನದು ಇಸ್ತ್ರಿ ಕೆಲಸ.
ಸಭಾಂಗಣದ ನೆಲಮಾಳಿಗೆ, ಹಬೆಯ ಯಂತ್ರ ಎರಡು,
ಒಂದಕ್ಕೆ ಕೆಮ್ಮು.
ತೊಂಬತ್ತಮೂರು ಕರಿಕೋಟು ಸರಳಿಗೆ ತೂಗಿದಾಗ
ಪಿಂಡಕ್ಕೆ ಕಾದ ಕಾಗೆಗಳು ನೆನಪಾದವು.
'ನೂರೈವತ್ತು ವರ್ಷದ ತಂಡವಂತೆ, ಲೋಕವೆಲ್ಲ ಹೆಸರು.
ಇದರಲ್ಲಿ ಯಜಮಾನನ ಕೋಟು ಯಾವುದು?' ಅಂದ ಮೊಫಿಜುಲ್.
ಕೋಟಿನಲ್ಲಿ ತಿಳಿಯುವುದಿಲ್ಲ ತಮ್ಮಾ, ಅಂಗಿಯಲ್ಲಿ ತಿಳಿಯುತ್ತದೆ.
ಉಳಿದವರಿಗೆ ಒಂದೊಂದು. ಅವನಿಗೆ ಮೂರು:
ಮೊದಲರ್ಧಕ್ಕೆ, ಎರಡನೆಯದಕ್ಕೆ,
ಮತ್ತೊಂದು, ಚಪ್ಪಾಳೆ ನಿಲ್ಲದಿದ್ದರೆ.

ಗಂಗೊಳ್ಳಿಯಲ್ಲಿ ನನ್ನಜ್ಜ ಇದ್ದಿಲು ಊದುತ್ತ
ಅಂಗಿ ನೋಡಿ ಆಳು ಹೇಳುತ್ತಿದ್ದ.
ನಾನೂ ನೋಡಿದೆ. ಬಲ ಕಂಕುಳ ಹೊಲಿಗೆ
ಮೂರು ಸಲ ಬಿಚ್ಚಿದೆ, ಮೂರು ಸಲ ಕೂಡಿದೆ,
ಮೂರು ಊರಿನ ಮೂರು ದರ್ಜಿಯ ನೂಲು,
ಒಂದರ ಬಿಳುಪು ಇನ್ನೊಂದಕ್ಕಿಲ್ಲ.

ಎಂಟು ಗಂಟೆಗೆ ಶುರು.
ಮೇಲೆ ಕೂತ ಗಣ್ಯರಿಗೆ ಅವನ ಬೆನ್ನು.
ಗೋಡೆಯ ಪುಟ್ಟ ಟೀವಿಯಲ್ಲಿ ನಮಗೆ ಮುಖ.
ಸದ್ದು ಚಾವಣಿ ಸೋಸಿಕೊಂಡು ಇಳಿಯುತ್ತದೆ,
ಚಿತ್ರ ತಂತಿಯಲ್ಲಿ ಸುತ್ತಿ ಅರೆಗಳಿಗೆ ತಡ.
ಆದ್ದರಿಂದ ನಮ್ಮ ನೆಲಮಾಳಿಗೆಯಲ್ಲಿ
ಮೊದಲು ತುತ್ತೂರಿ, ಆಮೇಲೆ ಕೈ.
ತೊಂಬತ್ತಮೂರು ಜನ ಹೇಳಿದ್ದನ್ನು
ಆ ಮುದುಕ ಚಾಚೂ ತಪ್ಪದೆ ಕೇಳುತ್ತಿದ್ದ.

ಬಿಡುವಿಗೆ ಇಳಿದು ಬಂದ.
ಒದ್ದೆ ಅಂಗಿ ಕಳಚಿದೆ, ಮೀನುಬಲೆಯಷ್ಟು ಭಾರ.
ಬಿಸಿ ಅಂಗಿ ತೊಡಿಸಿದೆ. ಎರಡೂ ತೋಳು ಚಾಚಿ ನಿಂತ,
ಸ್ನಾನ ಮುಗಿದ ಮಗುವಿನ ಹಾಗೆ.
ಎಡ ಮುಂಗೈಯ ಗುಂಡಿ ಇರಲಿಲ್ಲ.
ಗಡಿಯಾರದಲ್ಲಿ ನಾಲ್ಕು ನಿಮಿಷ.
ಡಬ್ಬಿ ತುಂಬ ಕರಿ ಗುಂಡಿಯೇ.
ನನ್ನ ಸಮವಸ್ತ್ರದ ಎರಡನೆಯದನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತೆ.

ತೊಟ್ಟ ಬಟ್ಟೆಗೆ ಸೂಜಿ ತಾಗಿಸಬಾರದು, ಅನ್ನುತ್ತಿದ್ದಳು ಅಮ್ಮ.
ತಾಗಿಸಿದೆ.
ಆಗ ಗೊತ್ತಾಯಿತು: ಕೈ ನಡುಗುತ್ತಿದೆ.
ದಣಿವಲ್ಲ. ನನ್ನ ಚಿಕ್ಕಪ್ಪನ ಕೈಯಲ್ಲಿ ಕಂಡ ನಡುಕ,
ಚಹಾದ ಲೋಟ ಬಸಿಗೆ ಬಡಿಯುವಂಥದು.
ನಾನು ಮುಖ ಎತ್ತಲಿಲ್ಲ. ಅವನೂ ಏನೂ ಅನ್ನಲಿಲ್ಲ.
ಎರಡು ನಡುಕದ ಮಧ್ಯೆ ಒಂದು ಬಿಡುವಿತ್ತು,
ಸಣ್ಣದು, ಆದರೆ ತಪ್ಪದೆ ಬರುವಂಥದು.
ಅಲ್ಲಿ ಚುಚ್ಚಿದೆ. ಕಾದೆ. ಅಲ್ಲಿ ಎಳೆದೆ.
ನಾಲ್ಕು ತೂತು, ಆರು ಸುತ್ತು, ಗಂಟು.
ನೂಲು ಕಡಿಯಲು ಬಾಗಿದಾಗ
ಅವನ ಮೈಯಿಂದ ಕರ್ಪೂರದಂಥ ಮುಲಾಮಿನ ವಾಸನೆ.

ಮತ್ತೆ ಟೀವಿ. ಎಲ್ಲ ಪಿಟೀಲೂ ಒಮ್ಮೆಲೇ ನಿಂತವು ಚಾವಣಿಯಲ್ಲಿ.
ಆಮೇಲೆ, ಅರೆಗಳಿಗೆಯ ಆಮೇಲೆ, ಗೋಡೆಯಲ್ಲಿ
ಎಡಗೈ ಮೇಲೆದ್ದು ನಿಂತಿತು.
ಗಾಳಿಗೆ ಮೊಳೆ ಹೊಡೆದಂತೆ.
ಮೊಫಿಜುಲ್ ಯಂತ್ರ ಆರಿಸಿದ,
ಕೆಮ್ಮುವುದನ್ನೇ.
ಮುಂಗೈಯಲ್ಲಿ ಪ್ಲಾಸ್ಟಿಕ್ಕಿನದೊಂದು ಚುಕ್ಕಿ ಮಿಂಚಿತು.

ಚಪ್ಪಾಳೆ ನಿಲ್ಲಲಿಲ್ಲ. ಮೂರನೆಯದನ್ನು ಬಿಸಿ ಮಾಡಿ
ಮೆಟ್ಟಿಲ ಬುಡದಲ್ಲಿ ಹಿಡಿದು ನಿಂತೆ, ವರನ ಕಡೆಯವನ ಹಾಗೆ.
ಅವನು ಇಳಿಯಲಿಲ್ಲ. ಒದ್ದೆಯಲ್ಲೇ ಇನ್ನೊಂದು ನುಡಿಸಿದರು,
ಪುಟ್ಟದೊಂದು, ಕುಣಿಯುವಂಥದು.
ಅಂಗಿ ನನ್ನ ಕೈಯಲ್ಲಿ ಮೆಲ್ಲಗೆ ತಣ್ಣಗಾಯಿತು.

ರಾತ್ರಿ ಎರಡಕ್ಕೆ ಪೆಟ್ಟಿಗೆಗಳು ಮತ್ತೆ ಮಲಗಿದವು.
ನಾಳೆ ದೋಹಾ, ಆಚೆ ನಾಳೆ ಕುವೈತ್.
ಬೀಗ ಹಾಕುತ್ತ ರೊವೆನಾ ಕೇಳಿದಳು: 'ಗುಂಡಿ ಎಲ್ಲಿ?'
'ಊರೂರು ತಿರುಗಲಿಕ್ಕೆ ಹೋಗಿದೆ.'
ನಗಲಿಲ್ಲ ಅವಳು. ಪುಸ್ತಕದಲ್ಲಿ ಅರ್ಧ ರಿಯಾಲ್ ಬರೆದಳು.

ರೂವಿಯ ವ್ಯಾನಿನಲ್ಲಿ ಕಿಟಕಿ ಪಕ್ಕ ಕೂತೆ.
ಬೆರಳು ತಾನಾಗಿ ಎದೆಯ ಆ ಜಾಗಕ್ಕೆ ಹೋಯಿತು,
ಎರಡೆಳೆ ನೂಲು ಇನ್ನೂ ನಿಂತಿತ್ತು ಅಲ್ಲಿ.
ಮುತ್ರಾದ ಕಡೆಯಿಂದ ಉಪ್ಪು ಗಾಳಿ
ಅದೇ ಸಂದಿಯಿಂದ ಒಳಗೆ ಬಂತು.