ಬೆಲೆ ಕಟ್ಟುವ ಪಾಠ

ಹರಿದದ್ದು ಯಾವುದನ್ನೂ ಕಟ್ಟಬಲ್ಲೆ ನಾನು:
ಬೆನ್ನು ಮುರಿದ ಬೈಬಲ್ಲು, ಹಾಳೆ ಉದುರುವ ಅಡುಗೆ ಪುಸ್ತಕ,
ಬ್ಯಾಲರಾಟ್‌ನ ಯಾರದೋ ಅಜ್ಜನ ಕುರಿಲೆಕ್ಕದ ಖಾತೆ.
ದಾರ ಹಾಯಿಸಿ, ಅಂಟು ಸವರಿ, ಕ್ಯಾಲಿಕೋ ಹೊದಿಸಿ
ಒತ್ತುಯಂತ್ರದ ತಿರುಪು ಬಿಗಿದು ಎದ್ದರೆ
ಇನ್ನೊಂದು ಐವತ್ತು ವರ್ಷ ಚಿಂತೆಯಿಲ್ಲ.
ಬೆಲೆ ಕಟ್ಟುವುದೊಂದು ಬರುವುದಿಲ್ಲ.

"ಎಷ್ಟಾಗುತ್ತದೆ?" ಎಂದು ಕೇಳಿದರೆ ಸಾಕು
ಬಾಯಿ ತುಂಬ ಬಿಸಿ ತುಪ್ಪ.
ನೂರಾ ಎಂಬತ್ತು ಎನ್ನುತ್ತೇನೆ; ಗಿರಾಕಿ ಉಸಿರೆಳೆಯುವಷ್ಟರಲ್ಲಿ
ಮೊದಲ ಸಲ ಬಂದಿದ್ದೀರಿ, ನೂರಾ ನಲವತ್ತು ಕೊಡಿ,
ಈ ಚಳಿಯಲ್ಲಿ ಬಂದಿದ್ದೀರಿ, ನೂರಾ ಹತ್ತು.
ದೇವರಾಜ ಮಾರುಕಟ್ಟೆಯ ಸೊಪ್ಪಿನವಳೊಡನೆ
ಎಂಟಾಣೆಗೆ ಅರ್ಧ ಗಂಟೆ ಕಾದಾಡಿದವಳು ನಾನೇ.
ಇಲ್ಲಿ ಎದುರಿನವರಿಗೆ ಕೆಲಸವನ್ನೇ ಉಳಿಸದೆ
ಚೌಕಾಸಿಯ ಎರಡೂ ಕಡೆ ನಿಂತು
ಎರಡೂ ಕಡೆ ಸೋಲುತ್ತೇನೆ.

ಗ್ರಂಥಾಲಯದ ದುರಸ್ತಿ ವಿಭಾಗ ಮುಚ್ಚಿದಾಗ
ಕೈಗೆ ಉಳಿದದ್ದು ಹನ್ನೊಂದು ಅಂಕಿಯ ಎಬಿಎನ್,
ಒಂದು ಗ್ಯಾರೇಜು, ಎರಡು ಒತ್ತುಯಂತ್ರ.
ಕೌನ್ಸಿಲ್ಲಿನವರ ಉಚಿತ ಸಲಹೆ, ಇಪ್ಪತ್ತು ನಿಮಿಷ:
ಕಿವಿಯೋಲೆಯ ಹುಡುಗ ಪರದೆಯ ಮೇಲೆ ಮೂರು ವೃತ್ತ ಬರೆದು
ಮೂರೂ ಕೂಡುವ ಜಾಗ ತೋರಿಸಿ
"ನೀವು ಇಲ್ಲಿದ್ದೀರಿ" ಎಂದ.
ಒಳ್ಳೆಯವನು. ಆ ಜಾಗಕ್ಕೆ ಬಾಡಿಗೆ ಎಷ್ಟೆಂದು
ನಾನು ಕೇಳಲಿಲ್ಲ.

ಕೊನೆಗೆ ಹೇಳಿಕೊಟ್ಟವಳು ಹಿಂದಿನ ಬೀದಿಯ ಡೊರೀನ್ ಹ್ಯಾಲೊರನ್,
ನಲವತ್ತೊಂದು ವರ್ಷ ಊರ ಪಿಯಾನೋಗಳ ಶ್ರುತಿ ಕೂಡಿಸಿದವಳು.
ಈಗ ಎಡಗಿವಿ ಕೇಳುವುದಿಲ್ಲ.
ನನ್ನ ರಸೀದಿ ಪುಸ್ತಕ ಮಗುಚಿ, ಕನ್ನಡಕ ಮೇಲೇರಿಸಿ
"ಗಂಟೆಗೆ ಮೂವತ್ತೇ? ಯಾವ ಗಂಟೆಗೆ?" ಎಂದಳು.
"ಅಂಟು ಒಣಗಲು ಕಾಯುವ ಗಂಟೆ ಯಾರದು?
ಮೆಲ್ಬರ್ನಿಗೆ ಹೋಗಿ ಚರ್ಮ ತರುವ ದಿನ?
ಜನವರಿಯಲ್ಲಿ ನಾಯಿಯೂ ಹಾಯದ ಮೂರು ವಾರ?
ನಿನ್ನ ಹಲ್ಲುನೋವು? ಆ ಹೆಬ್ಬೆರಳು ಬಾತುಕೊಂಡರೆ?
ನನ್ನ ವಯಸ್ಸಿಗೆ ಬಂದಾಗ ತಿನ್ನುವ ಅನ್ನ?"
ವಿದ್ಯುತ್ ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಕೂಡಿ, ಭಾಗಿಸಿ,
ಅಡಿಗೆರೆ ಎಳೆದಳು: ಎಪ್ಪತ್ತೆರಡು.
ಪರರ ಮಗುವನ್ನು ನೋಡುವ ಹಾಗೆ ನೋಡಿದೆ.
ಮುದ್ದಾಗಿತ್ತು. ಎತ್ತಿಕೊಳ್ಳಲು ಹೆದರಿಕೆ.

"ಅಂಕಿ ಹೇಳು. ಹೇಳಿ ಬಾಯಿ ಮುಚ್ಚು.
ತಂತಿ ಬಿಗಿದ ಮೇಲೆ ಕೈ ತೆಗೆದು ಕಾಯುತ್ತಿದ್ದೆ ನಾನು,
ಸ್ವರ ತಾನಾಗಿ ನಿಲ್ಲಬೇಕು.
ಹಿಡಿದುಕೊಂಡೇ ಇದ್ದರೆ ಅದು ಸ್ವರವಲ್ಲ, ನಿನ್ನ ಕೈ."

ರಾತ್ರಿ ಒತ್ತುಯಂತ್ರದೆದುರು ನಿಂತು ಅಭ್ಯಾಸ ಮಾಡಿದೆ.
ಕನ್ನಡದಲ್ಲಿ ದಿಟ್ಟವಾಗಿ ಬಂತು.
ಇಂಗ್ಲಿಷಿನಲ್ಲಿ ಎಷ್ಟು ಸಲ ಹೇಳಿದರೂ
ಅಂಕಿಯ ತುದಿಗೆ ಪ್ರಶ್ನೆಯ ಬಾಲ.

ರೇಸು ನಾಯಿಗಳ ವಂಶಾವಳಿ ತಂದವನಿಗೆ
ಮುನ್ನೂರಾ ಅರವತ್ತು ಎಂದೆ. ಸುಮ್ಮನಾದೆ.
ಫ್ರಿಜ್ಜು ಗುನುಗುತ್ತಿತ್ತು.
"ಬರೀ ಅಂಟಿಸುವುದಲ್ಲವೇ?" ಎಂದ. "ಯೋಚಿಸುತ್ತೇನೆ" ಎಂದ.
ಪುಸ್ತಕವನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಹೊರಟ.
ಬಾಗಿಲವರೆಗೆ ಓಡಿದವು ಕಾಲು,
ಚಿಲಕ ಹಿಡಿದು ನಿಲ್ಲಿಸಿಕೊಂಡೆ.
ಆ ವಾರ ಸಾರು ತೆಳ್ಳಗಿತ್ತು, ಸುಳ್ಳೇಕೆ.

ಗುರುವಾರ ಡೊರೀನ್ ತನ್ನ ಡೈರಿ ತಂದಳು:
ಯಾವ ಮನೆ, ಯಾವ ಪಿಯಾನೋ, ಯಾವ ತಂತಿ ಹಟಮಾರಿ.
ಬೆನ್ನು ಪೂರಾ ಕಳಚಿತ್ತು.
"ಎಷ್ಟಾಗುತ್ತದೆ?"
"ನಿಮಗೆ..." ಎಂದೆ.
ಕೇಳುವ ಕಿವಿಯನ್ನು ನನ್ನತ್ತ ತಿರುಗಿಸಿದಳು.
"ಇನ್ನೂರಾ ಎಂಬತ್ತೆಂಟು."
ಅವಳು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.
ತಗಡಿನ ಸೂರಿನ ಮೇಲೆ ಮ್ಯಾಗ್‌ಪೈ ಹಕ್ಕಿಯೊಂದು
ಆ ತುದಿಯಿಂದ ಈ ತುದಿಗೆ ನಡೆಯಿತು, ಮತ್ತೆ ಹಿಂತಿರುಗಿತು.
"ಜಾಸ್ತಿಯಾಯಿತು," ಎಂದಳು ಮುದುಕಿ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ನಾನು ದಾರದ ತುದಿಯನ್ನು ತುಟಿಗೊತ್ತಿ ತೇವ ಮಾಡಿ
ಸೂಜಿಯ ಕಣ್ಣು ಹುಡುಕುತ್ತಾ ಕೂತೆ.