ಮೂರು ಕೇಕೆ

ಮೂರು ತಿಂಗಳ ಬಾಕಿ. ಕೇಬಲ್ ದೇವೇಂದ್ರ
ಏಣಿ ಹತ್ತಿದವನು ವೈರು ಕತ್ತರಿಸಲಿಲ್ಲ,
ಕಂಬದ ತಲೆಗೆ ಸಿಂಬೆ ಸುತ್ತಿಟ್ಟು ಇಳಿದ.
"ಕೊಟ್ಟ ದಿನ ಬಿಚ್ತೀನಿ ಅಕ್ಕ." ಒಳ್ಳೆಯವನೇ.
ಅವನ ಹೆಂಡತಿಯ ಎರಡು ರವಿಕೆ ನನ್ನಲ್ಲೇ ಇವೆ,
ಕೂಲಿ ಬಂದಿಲ್ಲ.
ಬಾಕಿಗೆ ಬಾಕಿ ವಜಾ ಮಾಡಬಹುದಿತ್ತು,
ಇಬ್ಬರಿಗೂ ಬಾಯಿ ಬರಲಿಲ್ಲ.

ಪೆನ್ಷನ್ ಮೊಹಲ್ಲಾದ ಈ ಗಲ್ಲಿಯಲ್ಲಿ
ರಾತ್ರಿ ಎಂಟಾದರೆ ಎಲ್ಲರ ಕಿಟಕಿ ನೀಲಿ,
ನನ್ನದೊಂದು ಹಳದಿ.
ಟಿವಿಯ ತಲೆ ಮೇಲೆ ಫಾಲ್ ಬಟ್ಟೆಯ ಕಟ್ಟು.
ಕಪ್ಪು ಗಾಜಿನೊಳಗೆ ಒಬ್ಬಳು ಸೂಜಿಗೆ ದಾರ ಪೋಣಿಸುತ್ತಾಳೆ,
ದಿನವೂ ಅದೇ ಕಾರ್ಯಕ್ರಮ, ಜಾಹೀರಾತಿಲ್ಲ.

ಆದರೂ ನಮ್ಮ ತಂಡದ ಒಂದು ಕಬಡ್ಡಿಯನ್ನೂ ನಾನು ಬಿಟ್ಟಿಲ್ಲ.

ಮೊದಲು ಕೂಗುವುದು ಎಡಗೋಡೆ.
ಅಲ್ಲಿ ಮುಬೀನಾಳ ಮನೆ, ಕೇಬಲ್ಲಿನವರು;
ಅವಳ ಗಂಡ ತೊಡೆ ತಟ್ಟಿದರೆ ನನ್ನ ಗೂಡಿನ ಲೋಟ ಅದುರುತ್ತದೆ.
ನಾಲ್ಕು ಹೊಲಿಗೆ ಓಡುವಷ್ಟರಲ್ಲಿ ಎದುರು ಮಹಡಿ.
ಸರ್ವೇ ಇಲಾಖೆಯಿಂದ ನಿವೃತ್ತರಾದ ಬೋರಲಿಂಗಯ್ಯ, ಅವರದು ಡಿಶ್ಶು.
ಕೇಕೆ ಅನ್ನುವ ಹಾಗಿಲ್ಲ ಅದನ್ನು,
ಕೆಮ್ಮಿನೊಳಗೆ ಸಿಕ್ಕಿಕೊಂಡ ಒಂದು "ಭಲೆ".
ಆಮೇಲೆ, ಬಹಳ ಆಮೇಲೆ, ತೋಳಿನ ಅಂಚು ಮಡಚಿ ಮುಗಿದ ಮೇಲೆ,
ನನ್ನದೇ ಜಗಲಿಯ ಮೂಲೆಯಿಂದ ಇಮ್ದಾದ್:
ಮೊಟ್ಟೆ ಅಂಗಡಿಯ ಹುಡುಗ, ಬಿರುಕು ಬಿಟ್ಟ ಮೊಬೈಲು,
ಯಾರದೋ ವೈಫೈ ಸೋರಿ ಬೀಳುವುದು ಆ ಮೂಲೆಗೊಂದಕ್ಕೇ.

ಎಣಿಸಿ ನೋಡಿದ್ದೇನೆ. ಗೋಡೆಗೂ ಹುಡುಗನಿಗೂ ನಡುವೆ
ಮೂವತ್ತು ಸೆಕೆಂಡು.
ಸರಿಯಾಗಿ ಒಂದು ರೈಡು.

ದುಡ್ಡು ಕಟ್ಟಿದವರಿಗೆ ಗೆಲುವು ಒಂದೇ ಸಲ;
ನನ್ನ ಮನೆಗೆ ಮೂರು ಸಲ ಬಂದು ಹೋಗುತ್ತದೆ.

ಕೂಗಿನ ಅಳತೆ ನೋಡಿ ಆಟ ಹೊಲಿದುಕೊಳ್ಳುತ್ತೇನೆ:
ಗಿಡ್ಡ ಕೂಗು ಬೋನಸ್ಸು,
ಎಳೆದಷ್ಟೂ ಬರುವ ಕೂಗಿಗೆ ಇಬ್ಬರೋ ಮೂವರೋ ಔಟು,
ಬರೀ "ಥತ್" ಅಂದರೆ ನಮ್ಮವನ ಹಿಮ್ಮಡಿ ಯಾರದೋ ಕೈಯಲ್ಲಿದೆ.
ಹಿಮ್ಮಡಿಯ ಸಂಗತಿ ನನಗೆ ಗೊತ್ತು.
ಸಾಲಗಾಮೆ ರಸ್ತೆಯ ಮೈದಾನದಲ್ಲಿ ಹೈಸ್ಕೂಲು ತಂಡದ ಎಡಮೂಲೆ ನಾನು,
ಹಿಡಿದ ಕಾಲು ಬಿಟ್ಟವಳಲ್ಲ.
ಅರಸೀಕೆರೆಯ ಉದ್ದನೆ ಹುಡುಗಿಯೊಬ್ಬಳು ಎಳೆದುಕೊಂಡು ಹೋದಳು ಗೆರೆತನಕ,
ಮೊಣಕೈಯ ಆ ಕಲೆ ಈಗಲೂ
ಟೇಪು ಹಿಡಿದಾಗ ಕಾಣುತ್ತದೆ.

ಮೊನ್ನೆ ಸೆಮಿಫೈನಲ್ಲು.
ಕೊನೇ ರೈಡು ಇರಬೇಕು, ಗೋಡೆ ಉಸಿರು ಕಟ್ಟಿ ಕೂತಿತ್ತು.
ಆಮೇಲೆ ಥತ್ ಕೂಡ ಇಲ್ಲ.
ಚಪ್ಪಲಿಯೋ ರಿಮೋಟೋ, ಏನೋ ಒಂದು ಬಿದ್ದ ಸದ್ದು,
ಮುಬೀನಾ ಗಂಡನನ್ನು ಊಟಕ್ಕೆ ಕರೆದದ್ದು.
ಎದುರು ಮಹಡಿಯ ನೀಲಿ ಆರಿತು.

ನಾನು ಪೆಡಲ್ಲಿನಿಂದ ಕಾಲು ತೆಗೆದೆ.

"ಅಕ್ಕಾ ಬಾ ಬಾ, ಒಂದೇ ಪಾಯಿಂಟು ಹಿಂದೆ,
ಕೊನೇ ರೈಡು ನಮ್ದೇ!"
ಒಂದು ಕಿವಿಗೆ ಇಯರ್‌ಫೋನು, ಇನ್ನೊಂದು ಕಿವಿ ಕೆಂಪು.
ಇಣುಕಿದೆ. ಬಿರುಕಿನ ಆಚೆ ನಮ್ಮವನು
ಬಗ್ಗಿ ಗೆರೆ ಮುಟ್ಟಿ ಹಣೆಗೊತ್ತಿಕೊಳ್ಳುತ್ತಿದ್ದ,
ಮೈಮೇಲೆ ಇನ್ನೂ ಒಂದು ಕೈಯೂ ಬಿದ್ದಿರಲಿಲ್ಲ.

"ಪಕ್ಕದ ಮನೆಯವರು ಯಾಕಕ್ಕ ಸುಮ್ನಾದ್ರು?"
"ಕೇಬಲ್ ಹೋಗಿರಬೇಕು ಕಣೋ,
ದುಡ್ಡು ಕಟ್ಟಿರಲ್ಲ."

ನಕ್ಕ. ಮೊಬೈಲನ್ನು ನನ್ನ ಕಡೆಗೂ ಸ್ವಲ್ಪ ವಾಲಿಸಿದ.
ಈ ಆಟದಲ್ಲಿ ಉಸಿರು ಬಿಟ್ಟವರು ಔಟು;
ಬಿಡಲಿಲ್ಲ ನಾನು.
ನಮ್ಮವನು ಗೆರೆ ದಾಟಿದ.
ಅವರ ಎಡಮೂಲೆಯ ಹುಡುಗ ಕೂತಲ್ಲೇ ಹೊಂಚುತ್ತಿದ್ದ,
ಚೆನ್ನಾಗಿ ಕೂತಿದ್ದ, ನಾನು ಕೂರುತ್ತಿದ್ದ ಹಾಗೇ.
ಅವನ ಕೈ ಜಾರಲಿ ಅಂತ
ಎಲ್ಲ ಗೊತ್ತಿದ್ದೂ ಬೇಡಿಕೊಂಡೆ.